ಸೂಪಿನ ರುಚಿ ನೋಡುವ ಜನರಲ್

ಲಿಂಡೆಕೆ ಸಾಹೇಬರು ಜನರಲ್ ಆದದ್ದು ಕತ್ತಿಯಿಂದಲ್ಲ, ಸೂಪಿನಿಂದ ಎಂದು ಅವರ ಡಿವಿಷನ್ನಿನ ಸಿಪಾಯಿಗಳು ಹೇಳಿಕೊಳ್ಳುತ್ತಿದ್ದರು. ಸಿಪಾಯಿಗಳ ಮಾತಿನಲ್ಲಿ ಅರ್ಧ ಸುಳ್ಳು ಇದ್ದೇ ಇರುತ್ತದೆ. ಈ ಮಾತಿನಲ್ಲಿ ಅಷ್ಟಿರಲಿಲ್ಲ.

ಜರ್ಮನ್ ಸೈನ್ಯದಲ್ಲಿ ಅಜ್ಜಂದಿರ ಕಾಲದಿಂದ ನಡೆದುಬಂದ ಒಂದು ರೂಢಿಯಿದೆ. ದಂಡಿನ ಯಜಮಾನನಾದವನು ಆಗಾಗ ಅಡುಗೆ ಬಂಡಿಯ ಬಳಿ ಹೋಗಿ, ಸಿಪಾಯಿಗಳಿಗೆ ಬಡಿಸುವ ಮೊದಲು ಹಂಡೆಯಿಂದ ಒಂದು ಸೌಟು ಸೂಪು ಕುಡಿದು ನೋಡಬೇಕು. ಮಳೆ ಬೀಳಲಿ, ಗುಂಡು ಬೀಳಲಿ, ಈ ಕೆಲಸಕ್ಕೆ ಹೋದ ಸೇನಾಪತಿಯನ್ನು ಯಾಕೆ ಹೋದೆ ಎಂದು ಕೇಳುವ ಧೈರ್ಯ ಬರ್ಲಿನ್ನಿನಲ್ಲೂ ಯಾರಿಗೂ ಇಲ್ಲ. ಇನ್ನೊಂದು ರೂಢಿಯೂ ಇದೆ. ಸೇನಾಪತಿ ಕಚೇರಿಯಲ್ಲಿ ಇಲ್ಲದ ಹೊತ್ತಿನಲ್ಲಿ ಅವನ ಕೈಕೆಳಗಿನ ಮುಖ್ಯ ಅಧಿಕಾರಿ ಅವನ ಹೆಸರಿನಲ್ಲಿ ಹುಕುಂ ಹೊರಡಿಸಬಹುದು. ಎರಡನ್ನೂ ಬೇರೆಬೇರೆಯಾಗಿ ಎಲ್ಲರೂ ಬಲ್ಲರು. ಎರಡಕ್ಕೂ ಗಂಟು ಹಾಕಿ, ಆ ಗಂಟಿನ ಮೇಲೆ ಒಂದು ಜೀವಮಾನದ ನೌಕರಿ ಕಟ್ಟಿದವರು ಗೋಟ್‌ಹಾರ್ಡ್ ಲಿಂಡೆಕೆ.

ಕೆಲಸ ನಡೆಯುತ್ತಿದ್ದದ್ದು ಹೀಗೆ. ಮೇಲಿನ ಕಚೇರಿಯಿಂದ ಆಗದ ಹೋಗದ ಒಂದು ಹುಕುಂ ಬರುತ್ತದೆ. ಇಂಥ ಗುಡ್ಡವನ್ನು ಬಿಡಕೂಡದು, ಒಂದು ಹೆಜ್ಜೆಯೂ ಹಿಂದೆ ಸರಿಯಕೂಡದು, ಹೀಗೆ. ಗುಡ್ಡದಲ್ಲಿ ಕೂತ ಪಟಾಲಮ್ಮು ಬೆಳಗಾಗುವುದರೊಳಗೆ ಮಣ್ಣಾಗುತ್ತದೆಂದು ನಕ್ಷೆ ನೋಡಿದ ಯಾರಿಗಾದರೂ ತಿಳಿಯುತ್ತದೆ. ಲಿಂಡೆಕೆ ಹುಕುಮನ್ನು ಓದಿ, ಕನ್ನಡಕ ತೆಗೆದು ಒರೆಸಿ, “ರೀಮರ್, ನಾನು ಹೋಗಿ ಸ್ವಲ್ಪ ಸೂಪು ನೋಡ್ಕೊಂಡು ಬರ್ತೀನಿ” ಅನ್ನುತ್ತಾರೆ. ಅವರ ಮುಖ್ಯ ಅಧಿಕಾರಿ ರೀಮರ್ “ಆಗ್ಲಿ ಸಾಹೇಬ್ರೇ, ನಿಧಾನ” ಅನ್ನುತ್ತಾನೆ. ಸಾಹೇಬರು ಹಿಂದಿರುಗುವ ಹೊತ್ತಿಗೆ ಪಟಾಲಮ್ಮು ಗುಡ್ಡ ಬಿಟ್ಟು ಇಳಿದು ಒಳ್ಳೆಯ ಜಾಗದಲ್ಲಿ ಕೂತಿರುತ್ತದೆ. ಮೇಲಿನವರು ಕೂಗಾಡಿದರೆ ಜನರಲ್ ಸ್ಥಳದಲ್ಲಿರಲಿಲ್ಲ. ಮೇಲಿನವರು ಹೊಗಳಿದರೆ ಡಿವಿಷನ್ನು ಜನರಲ್ಲರದು. ರೀಮರನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬಾಯಿ ಬಿಟ್ಟು ಹೇಳಿದರೆ ಅದು ಹುಕುಂ ಮುರಿಯುವ ಸಂಚು. ಹೇಳದೆ ನಡೆದರೆ ಅದಕ್ಕೆ ಅನುಭವ ಎಂದು ಹೆಸರು.

ಪೋಲೆಂಡಿನಲ್ಲಿ ಹೀಗೇ ನಡೆಯಿತು, ಫ್ರಾನ್ಸಿನಲ್ಲಿ ನಡೆಯಿತು, ರಷ್ಯಾದಲ್ಲಿ ಎರಡು ಚಳಿಗಾಲ ನಡೆಯಿತು. ಹೆಗಲ ಮೇಲಿನ ಬಂಗಾರದ ಹುರಿ ದಪ್ಪವಾಗುತ್ತ ಬಂತು, ಕೊರಳಿಗೆ ಶಿಲುಬೆ ಪದಕ ಬಂತು, ಸಿಪಾಯಿಗಳಿಂದ ‘ಸೂಪಜ್ಜ’ ಎಂಬ ಹೆಸರೂ ಬಂತು. ನಲವತ್ತಮೂರರ ಶರತ್ಕಾಲದಲ್ಲಿ, ದ್ನೀಪರ್ ನದಿಯಿಂದ ಹಿಂದೆ ಸರಿಯುವ ಗಡಿಬಿಡಿಯಲ್ಲಿ, ರೀಮರನಿಗೆ ಕಾಮಾಲೆಯಾಯಿತು. ನಿಂಬೆಹಣ್ಣಿನಂತೆ ಹಳದಿಯಾದ ಅವನನ್ನು ಆಸ್ಪತ್ರೆಯ ರೈಲಿಗೆ ಹತ್ತಿಸಿದರು. ಅವನ ಜಾಗಕ್ಕೆ ಮೇಜರ್ ಎಮ್ಸೆನ್ ಬಂದ.

ಎಮ್ಸೆನ್ ಮೂವತ್ತೆರಡರ ಹುಡುಗ. ಹುಡುಗ ಎಂದರೆ ಲಿಂಡೆಕೆಯವರ ಕಣ್ಣಿಗೆ. ಉತ್ತರದ ಕಡಲತೀರದವನು, ನೀಟಾಗಿ ಬಾಚಿದ ತಲೆ, ಸಂಜೆಯೂ ಬೆಳಗಿನಷ್ಟೇ ನುಣ್ಣಗಿರುವ ಗಲ್ಲ. ಬಂದ ಮೊದಲ ದಿನವೇ ಅವನು ಒಂದು ಕೊರತೆಯನ್ನು ಗುರುತಿಸಿದ.

“ಜನರಲ್ ಸಾಹೇಬ್ರೇ, ತಪ್ಪು ತಿಳ್ಕೋಬಾರ್ದು. ಕಷ್ಟದ ಹೊತ್ತಲ್ಲೆಲ್ಲ ತಾವು ಮುಂದಿನ ಸಾಲಿನ ಹತ್ರ ಇರ್ತೀರಿ. ಅದು ದೊಡ್ಡದು. ಆದ್ರೆ ಆ ಹೊತ್ತಲ್ಲಿ ತಮ್ಮನ್ನ ಹಿಡಿಯೋಕೇ ಆಗಲ್ಲ.”

“ಹೌದಪ್ಪ, ಅದೊಂದು ಕಷ್ಟ,” ಎಂದರು ಲಿಂಡೆಕೆ.

“ನಾನು ಸರಿಮಾಡ್ತೀನಿ.”

“ಅವಸರ ಏನಿಲ್ಲ.”

“ಅವಸರ ಇದೆ ಸಾಹೇಬ್ರೇ,” ಎಂದ ಎಮ್ಸೆನ್, ನಿಜವಾದ ಕಾಳಜಿಯಿಂದ.

ಅವನು ಏನು ಸರಿಮಾಡಿದ ಎಂಬುದು ಗೊತ್ತಾಗಬೇಕಾದರೆ ನವೆಂಬರಿನ ಆ ಬೆಳಗು ಬರಬೇಕಾಯಿತು.

ಕಚೇರಿ ಇದ್ದದ್ದು ಒಂದು ಹಳ್ಳಿಯ ಶಾಲೆಯಲ್ಲಿ. ಕಿಟಕಿಗೆ ಗಾಜಿನ ಬದಲು ಕಂಬಳಿ ಹೊಡೆದಿದ್ದರು. ಹೊರಗೆ ಕೆಸರು. ಉಕ್ರೇನಿನ ನವೆಂಬರ್ ಕೆಸರು ಬೂಟನ್ನು ಹಿಡಿದರೆ ಮನುಷ್ಯನನ್ನು ಬಿಟ್ಟೀತು, ಬೂಟನ್ನು ಬಿಡುವುದಿಲ್ಲ. ಮೇಜಿನ ಮೇಲೆ ಹರಡಿದ ನಕ್ಷೆಯಲ್ಲಿ ಒಂದು ಚಿಕ್ಕ ನದಿ ಪೂರ್ವಕ್ಕೆ ಹೊಟ್ಟೆ ಚಾಚಿ ತಿರುಗಿ ಬರುತ್ತಿತ್ತು. ಆ ಹೊಟ್ಟೆಯಾಚೆಯ ದಡದಲ್ಲಿ ಕರ್ನಲ್ ಬ್ರೌಕ್‌ಮಾನ್ ತನ್ನ ರೆಜಿಮೆಂಟಿನೊಡನೆ ಕೂತಿದ್ದ. ರೆಜಿಮೆಂಟು ಎಂದರೆ ಹೆಸರಿಗೆ. ಉಳಿದದ್ದು ಏಳೆಂಟು ನೂರು ಜನ. ಅವರಿಗೂ ಈ ದಡಕ್ಕೂ ನಡುವೆ ಇದ್ದದ್ದು ಒಂದೇ ಮರದ ಸೇತುವೆ. ಉತ್ತರದಿಂದಲೂ ದಕ್ಷಿಣದಿಂದಲೂ ರಷ್ಯನ್ನರ ಟ್ಯಾಂಕುಗಳು ಅದರ ಕಡೆಗೇ ಬರುತ್ತಿದ್ದವು.

ಎಮ್ಸೆನ್ ಪೆನ್ಸಿಲ್ಲಿನ ಹಿಂತುದಿಯಿಂದ ಸೇತುವೆಯನ್ನು ಮುಟ್ಟಿದ. “ಕತ್ತಲಾಗೋ ಹೊತ್ತಿಗೆ ಅವರ ತೋಪಿಗೆ ಇದು ಸಿಗುತ್ತೆ. ಆಮೇಲೆ ಯಾರೂ ಈಚೆ ಬರೋಕಾಗಲ್ಲ.”

“ಮೇಲಿಂದ ಏನು ಬಂದಿದೆ?”

“ಜಾಗ ಬಿಡಬಾರ್ದು ಅಂತ ಬಂದಿದೆ. ಫಾನ್ ರಾಂಟ್ಸೆನ್ ಸಾಹೇಬ್ರ ರುಜು ಇದೆ.”

ಫಾನ್ ರಾಂಟ್ಸೆನ್ ಎಂದರೆ ಲಿಂಡೆಕೆಯವರ ನೇರ ಮೇಲಿನವರು. ಅವರಿಗೂ ಮೇಲಿನವರಿದ್ದರು, ಆ ಮೇಲಿನವರಿಗೂ ಮೇಲಿನವರಿದ್ದರು, ಎಲ್ಲರಿಗೂ ಮೇಲೆ ನಕ್ಷೆಯ ಮೇಲೆ ಬೆರಳಿಟ್ಟು ಇಲ್ಲಿಂದ ಅಲ್ಲಾಡಬೇಡಿ ಎನ್ನುವ ಒಬ್ಬರಿದ್ದರು. ಆ ಬೆರಳು ಇಳಿದು ಇಳಿದು ಈಗ ಬ್ರೌಕ್‌ಮಾನನ ತಲೆಯ ಮೇಲೆ ಬಂದು ಕೂತಿತ್ತು.

ಲಿಂಡೆಕೆ ಕನ್ನಡಕ ತೆಗೆದರು. ಒರೆಸಿದರು. ಐವತ್ತೆಂಟು ವರ್ಷದ ಅವರ ಕಣ್ಣಿನ ಕೆಳಗೆ ಎರಡು ಚೀಲಗಳು ಜೋತುಬಿದ್ದಿದ್ದವು. ನಿದ್ದೆ ಮಾಡಿದರೂ ಹೋಗದ ಚೀಲಗಳು. ಈಚೆಗೆ ಅವರಿಗೆ ಭಯ ಎಂಬುದೂ ಆಗುತ್ತಿರಲಿಲ್ಲ. ಭಯಕ್ಕೆ ಬೇಕಾದ ಚೈತನ್ಯ ಉಳಿದಿರಲಿಲ್ಲ.

“ಎಮ್ಸೆನ್, ನಾನು ಹೋಗಿ ಸ್ವಲ್ಪ ಸೂಪು ನೋಡ್ಕೊಂಡು ಬರ್ತೀನಿ.”

“ಆಗ್ಲಿ ಸಾಹೇಬ್ರೇ.”

ಲಿಂಡೆಕೆ ಬಾಗಿಲ ಬಳಿ ನಿಂತರು. ಏನೋ ಸಾಲದು ಅನಿಸಿತು. “ನಾನು ಬರೋದು ಸ್ವಲ್ಪ ತಡ ಆಗಬಹುದು.”

“ಆಗ್ಲಿ.”

“ಅಂದ್ರೆ ಕತ್ತಲಾದ ಮೇಲೇ ಅಂತಿಟ್ಕೋ. ಈ ನಡುವೆ ಬ್ರೌಕ್‌ಮಾನ್ ಏನಾದ್ರೂ ಕೇಳಿದ್ರೆ, ನಿನಗೆ ಸ್ಥಳದ ಪರಿಸ್ಥಿತಿ ಗೊತ್ತಿದೆ. ನೀನೂ ಓದಿದವನು. ಏನು ಸರಿ ಕಾಣುತ್ತೋ.”

“ಕಾಳಜಿ ಬೇಡ ಸಾಹೇಬ್ರೇ,” ಎಂದ ಎಮ್ಸೆನ್, ಮುಖ ಅರಳಿಸಿ. “ಅವರು ಕೇಳಿದ ತಕ್ಷಣ ತಮಗೆ ಲೈನ್ ಕೊಡ್ತೀನಿ.”

ರೀಮರ್ ಈಗ ಯಾವ ಆಸ್ಪತ್ರೆಯಲ್ಲಿ ಹಳದಿಯಾಗಿ ಮಲಗಿದ್ದಾನೋ ಎಂದುಕೊಂಡು ಲಿಂಡೆಕೆ ಕೆಸರಿಗೆ ಇಳಿದರು.

ಡ್ರೈವರ್ ಪ್ಯೂಟ್ಸ್ ಕಾರಿನ ಗಾಜು ಒರೆಸುತ್ತ ಕಾಯುತ್ತಿದ್ದ. ಕೊಲೋನ್ ಊರಿನವನು. ಆ ಊರಿನವರು ಹೆಣದ ಮುಂದೆಯೂ ಒಂದು ನಗೆಮಾತು ಆಡದೆ ಇರಲಾರರು ಎಂದು ಉಳಿದ ಜರ್ಮನರು ದೂರುತ್ತಾರೆ. ಪೋಲೆಂಡಿನಿಂದ ಇವನೇ ಸಾಹೇಬರ ಸಾರಥಿ. ಕಾರು ಹಳ್ಳಿ ದಾಟಿ ಮರದ ದಿಮ್ಮಿ ಹಾಸಿದ ದಾರಿಗೆ ಹತ್ತಿದ ಮೇಲೆ ಅವನು ಕನ್ನಡಿಯಲ್ಲಿ ಹಿಂದೆ ನೋಡಿದ.

“ಸಾಹೇಬ್ರೇ, ನಮಗೊಂದು ಬಾಲ ಹುಟ್ಟಿದೆ.”

ಹಿಂದೆ ಒಂದು ವ್ಯಾನು ಬರುತ್ತಿತ್ತು. ಅದರ ತಲೆಯ ಮೇಲೆ ಉದ್ದನೆಯ ಕಡ್ಡಿ ಅಲುಗಾಡುತ್ತಿತ್ತು. ವೈರ್‌ಲೆಸ್ ಬಂಡಿ.

“ಅದು ಯಾಕೆ ಬರ್ತಿದೆ?”

“ಮೇಜರ್ ಸಾಹೇಬ್ರ ಏರ್ಪಾಡು. ತಾವು ಎಲ್ಲಿಗೆ ಹೋದ್ರೂ ಹಿಂದೇನೇ ಬರ್ಬೇಕಂತೆ. ಅಷ್ಟೇ ಅಲ್ಲ, ಈ ವಾರದಲ್ಲಿ ಎಲ್ಲಾ ಅಡುಗೆ ಬಂಡಿಗೂ ಟೆಲಿಫೋನ್ ತಂತಿ ಎಳೆಸಿದ್ದಾರೆ. ಎಲ್ಲಾದಕ್ಕೂ. ಅಡುಗೆಯವ್ರು ಬೈಕೊಳ್ತಿದ್ದಾರೆ, ಆಲೂಗಡ್ಡೆ ಸುಲಿಯೋವಾಗ ಫೋನು ಬಡ್ಕೊಳ್ಳುತ್ತಂತೆ. ‘ಜನರಲ್ ಬಂದಿದ್ದಾರಾ?’ ಅಂತ.”

ಲಿಂಡೆಕೆ ಹಿಂದಿರುಗಿ ಆ ಅಲುಗಾಡುವ ಕಡ್ಡಿಯನ್ನು ನೋಡಿದರು. ಸುಮ್ಮನಿರುವುದು ಪ್ಯೂಟ್ಸನಿಗೆ ಒಗ್ಗದು.

“ರೀಮರ್ ಸಾಹೇಬ್ರು ಇದ್ದಾಗ ಹಿಂಗಿರ್ಲಿಲ್ಲ. ನಾವು ಹೋಗಿದ್ದೂ ಗೊತ್ತಾಗ್ತಿರ್ಲಿಲ್ಲ, ಬಂದಿದ್ದೂ ಗೊತ್ತಾಗ್ತಿರ್ಲಿಲ್ಲ. ಎಷ್ಟು ಹಂಡೆ ನೋಡಿದ್ವಿ, ಅಲ್ವಾ ಸಾಹೇಬ್ರೇ? ಒರೆಲ್ ಹತ್ರ ಕುದುರೆ ಮಾಂಸದ್ದು. ಹಿಮದಲ್ಲಿ ಸಿಕ್ಕೊಂಡಿದ್ದಾಗ ಬರೀ ಬಿಸಿನೀರಿಗೆ ಉಪ್ಪು. ಮೊದಲನೇ ಬೇಸಿಗೆಯಲ್ಲಿ ಆ ಇಟ್ಟಿಗೆ ಗೂಡಿನ ಊರಲ್ಲಿ, ಅಲಸಂದೆ ಸೂಪು. ಆವತ್ತು ತಾವು ಮೂರು ಬಂಡಿ ನೋಡಿದ್ರಿ, ಒಂದಾದ ಮೇಲೆ ಒಂದು. ನನಗೆ ಚೆನ್ನಾಗಿ ನೆನಪಿದೆ.”

“ರಸ್ತೆ ನೋಡು ಪ್ಯೂಟ್ಸ್.”

“ನೋಡ್ತಾ ಇದೀನಿ.”

ಲಿಂಡೆಕೆಯವರಿಗೂ ನೆನಪಿತ್ತು. ನಲವತ್ತೊಂದರ ಬೇಸಿಗೆಯ ಕೊನೆ. ಬೇರೆ ಸಮವಸ್ತ್ರದ ಒಬ್ಬ ಅಧಿಕಾರಿ ಕಚೇರಿಗೆ ಬಂದು, ತುಂಬ ಮರ್ಯಾದೆಯಿಂದ, ಒಂದು ದಿನದ ಮಟ್ಟಿಗೆ ಲಾರಿಗಳು ಬೇಕು, ದಾರಿ ಕಾಯಲು ಒಂದಷ್ಟು ಸಿಪಾಯಿಗಳು ಬೇಕು ಎಂದಿದ್ದ. ಊರಿನ ಯಹೂದಿಗಳನ್ನು ಸಾಗಿಸಬೇಕಾಗಿದೆ, ಇಟ್ಟಿಗೆ ಗೂಡಿನ ಕಡೆಗೆ. ಅಲ್ಲಿಂದ ಎಲ್ಲಿಗೆ ಎಂದು ಲಿಂಡೆಕೆ ಕೇಳಲಿಲ್ಲ. ಇಟ್ಟಿಗೆ ಗೂಡಿನಿಂದ ಮುಂದೆ ರಸ್ತೆಯಿಲ್ಲವೆಂದು ನಕ್ಷೆಯಲ್ಲಿ ಕಾಣುತ್ತಿತ್ತು. ಅವರು ಕನ್ನಡಕ ಒರೆಸಿಕೊಂಡು, ಸೂಪು ನೋಡಿಕೊಂಡು ಬರುತ್ತೇನೆ ಎಂದರು. ರೀಮರನಿಗೆ ಹೇಳಿಕೊಡಬೇಕಾಗಿರಲಿಲ್ಲ. ಸಂಜೆ ಬಂದು ನೋಡಿದರೆ ಲಾರಿಗಳು ವಾಪಸು ಬಂದಿದ್ದವು. ತೊಳೆದಿದ್ದರು. ಎರವಲು ಒಯ್ದ ಲಾರಿಯನ್ನು ಯಾರಾದರೂ ಅಷ್ಟು ಚೊಕ್ಕಟವಾಗಿ ತೊಳೆದು ಒಪ್ಪಿಸಿದ್ದನ್ನು ಅವರು ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ. ಆ ಶರತ್ಕಾಲದಲ್ಲಿ ಅವರಿಗೆ ಬಡ್ತಿಯಾಯಿತು.

ಅಡುಗೆ ಬಂಡಿ ನದಿಯ ಈಚೆ ದಡದ ಬರ್ಚ್ ಮರಗಳ ತೋಪಿನಲ್ಲಿ ನಿಂತಿತ್ತು. ಕೊಳವೆಯಿಂದ ಹೊಗೆ ಏಳುತ್ತಿತ್ತು. ಆ ಕೊಳವೆಯ ದೆಸೆಯಿಂದಲೇ ಸಿಪಾಯಿಗಳು ಅದನ್ನು ಸೂಪಿನ ಫಿರಂಗಿ ಎಂದು ಕರೆಯುತ್ತಿದ್ದರು. ಅಡುಗೆಯ ಯಾಬ್ಲೊನ್ಸ್ಕಿ ಸೌಟು ಹಿಡಿದು ಸೆಟೆದು ನಿಂತ. ಅವನ ಹಿಂದೆ ಒಂದು ಬರ್ಚ್ ಮರಕ್ಕೆ ಮೊಳೆ ಹೊಡೆದು ಟೆಲಿಫೋನಿನ ಪೆಟ್ಟಿಗೆ ನೇತುಹಾಕಿತ್ತು. ಮಳೆ ತಾಕದಿರಲಿ ಎಂದು ಮೇಲೊಂದು ತಗಡು ಕೂಡ ಬಡಿದಿದ್ದರು. ಎಮ್ಸೆನ್ ಯಾವುದನ್ನೂ ಮರೆಯುವವನಲ್ಲ.

“ಏನಪ್ಪ ಇವತ್ತು?”

“ಬಟಾಣಿ ಸೂಪು, ಸಾಹೇಬ್ರೇ. ಹಂದಿ ಕೊಬ್ಬು ಹಾಕಿದೀನಿ. ಹಂದಿ ಅಂತ ಚೀಟಿಯಲ್ಲಿ ಬರ್ದಿತ್ತು.”

ಲಿಂಡೆಕೆ ಸೌಟು ತೆಗೆದುಕೊಂಡು ಊದಿದರು. ನದಿಯಾಚೆ ಏನೋ ಗುಡುಗಿತು. ಯಾಬ್ಲೊನ್ಸ್ಕಿ ಆ ಕಡೆ ನೋಡಲೂ ಇಲ್ಲ. ಆದರೆ ಸೌಟು ಹಿಡಿದ ಸಾಹೇಬರ ಮುಖವನ್ನು ಮಾತ್ರ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ. ತೋಪಿನ ಅಂಚಿನಲ್ಲಿ ಡಬ್ಬಿ ಹಿಡಿದು ಕಾಯುತ್ತಿದ್ದ ನಾಲ್ಕಾರು ಸಿಪಾಯಿಗಳೂ ನೋಡುತ್ತಿದ್ದರು. ಬ್ರೌಕ್‌ಮಾನನ ಜನ ಅವರು, ಆಚೆ ದಡಕ್ಕೆ ಊಟ ಹೊರಲು ಬಂದವರು.

“ಉಪ್ಪು ಸಾಲದು,” ಎಂದರು ಲಿಂಡೆಕೆ. ಪ್ರತಿಸಲವೂ ಹೇಳುವ ಮಾತು ಅದೇ.

ಸಿಪಾಯಿಗಳಲ್ಲೊಬ್ಬ ಪಕ್ಕದವನ ಕಿವಿಯಲ್ಲಿ ಅಂದ: “ಸೂಪಜ್ಜ ಬಂದ ಅಂದ್ರೆ ನಾವು ಹೊರಡ್ತೀವಿ ಅಂತ ಅರ್ಥ ಕಣೋ. ಬೇಕಾದ್ರೆ ಗಂಟು ಕಟ್ಕೋ.” ಪಿಸುಮಾತೆಂದು ಅವನು ತಿಳಿದಿದ್ದ, ಫಿರಂಗಿ ಕೇಳಿ ಕೇಳಿ ಕಿವಿ ಮಂದವಾದವರ ಪಿಸುಮಾತು ತೋಪಿಗೆಲ್ಲ ಕೇಳುತ್ತದೆ.

ಫೋನು ಬಡಿದುಕೊಂಡಿತು.

ಯಾಬ್ಲೊನ್ಸ್ಕಿ ರಿಸೀವರ್ ಎತ್ತಿ, ಕೇಳಿ, ಸಾಹೇಬರತ್ತ ಚಾಚಿದ. ಲಿಂಡೆಕೆ ಅದನ್ನು ತೆಗೆದುಕೊಳ್ಳುವ ಮೊದಲು ಪ್ಯೂಟ್ಸ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: “ಸಾಹೇಬ್ರೇ, ತಂತಿ ಅಲ್ಲೇ ದಾರಿಗೆ ಅಡ್ಡ ಬಿದ್ದಿದೆ. ಕಾರು ತಿರುಗಿಸೋವಾಗ ಚಕ್ರ ಹತ್ತಿತು ಅಂತಿಟ್ಕೊಳ್ಳಿ. ವೈರ್‌ಲೆಸ್‌ನೋರಿಗೂ ಹಸಿವಾಗಿರುತ್ತೆ, ಕರ್ದು ಕೂರಿಸ್ತೀನಿ. ಯಾರ ತಪ್ಪೂ ಅಲ್ಲ.”

“ತಾಳು,” ಎಂದು ಲಿಂಡೆಕೆ ರಿಸೀವರ್ ಕಿವಿಗಿಟ್ಟರು.

“ಜನರಲ್ ಸಾಹೇಬ್ರೇ,” ಎಮ್ಸೆನನ ದನಿ ಪಕ್ಕದಲ್ಲೇ ನಿಂತಂತೆ ಕೇಳಿತು, “ಕರ್ನಲ್ ಬ್ರೌಕ್‌ಮಾನ್ ಕೇಳ್ತಿದ್ದಾರೆ, ಇರೋದಾ ಹೊರಡೋದಾ. ಈಗ ಹೊರಟ್ರೆ ಸೇತುವೆ ದಾಟಬಹುದು. ಇನ್ನು ಸ್ವಲ್ಪ ಹೊತ್ತಾದ್ರೆ ಇಲ್ಲ.”

“ನಿನಗೇನು ಅನ್ನಿಸುತ್ತೆ?”

“ಹೊರಡಬೇಕು ಅಂತ ಅನ್ನಿಸುತ್ತೆ. ಆದ್ರೆ ಹುಕುಂ ಇರೋದು ನಿಲ್ಲಬೇಕು ಅಂತ.”

“ನಾನು ಸಿಗ್ಲಿಲ್ಲ ಅಂತಿಟ್ಕೋ ಎಮ್ಸೆನ್. ಈ ಲೈನು ಇಲ್ಲ, ನಾನು ಎಲ್ಲಿದೀನೋ ನಿನಗೆ ಗೊತ್ತಿಲ್ಲ. ಆಗ ಏನು ಮಾಡ್ತಿದ್ದೆ?”

ಪ್ರಶ್ನೆಯನ್ನು ಅವನು ಪ್ರಾಮಾಣಿಕವಾಗಿ ಯೋಚಿಸುತ್ತಿದ್ದ. ಅದೇ ಅವನ ದೋಷ.

“ಆಗ ನಿಲ್ಲಿ ಅಂತ ಹೇಳ್ತಿದ್ದೆ ಸಾಹೇಬ್ರೇ. ತಮ್ಮ ಹೆಸರಲ್ಲಿ ನಾನು ಹುಕುಂ ಮುರಿಯೋಕಾಗುತ್ತಾ? ಅದು ತಮಗೆ ಮಾಡೋ ಅನ್ಯಾಯ.” ಆಮೇಲೆ ಸೇರಿಸಿದ: “ಅದಕ್ಕೇ ಈ ಲೈನ್ ಎಳೆಸಿದ್ದು.”

ಲಿಂಡೆಕೆ ಬರ್ಚ್ ಮರಕ್ಕೆ ಒರಗಿದರು. ಪ್ಯೂಟ್ಸ್ ಕಾರಿನ ಬಾಗಿಲು ಹಿಡಿದು ಅವರ ಸನ್ನೆಗೆ ಕಾಯುತ್ತಿದ್ದ. ಚಕ್ರ ಒಂದು ಸುತ್ತು ಉರುಳಿದರೆ ಸಾಕು, ಇಷ್ಟು ವರ್ಷ ಇದ್ದ ಹಾಗೆ ತಾವು ಎಲ್ಲೂ ಇಲ್ಲದವರಾಗಬಹುದು. ಹಾಗಾದರೆ ಎಮ್ಸೆನ್ ತನ್ನ ಧರ್ಮ ಪಾಲಿಸುತ್ತಾನೆ, ಬ್ರೌಕ್‌ಮಾನ್ ಆಚೆ ದಡದಲ್ಲಿ ಸಾಯುತ್ತಾನೆ, ಈ ಡಬ್ಬಿ ಹಿಡಿದವರು ಬಟಾಣಿ ಸೂಪು ಹೊತ್ತುಕೊಂಡು ಅಲ್ಲಿಗೇ ಹೋಗುತ್ತಾರೆ. ಕೊರಳಿನ ಪದಕ ಕೊರಳಲ್ಲೇ ಇರುತ್ತದೆ. ಗೋಸ್ಲಾರ್ ಊರಿನ ಮನೆಯಲ್ಲಿ ಹೆಂಡತಿ ವಾಲ್‌ಬುರ್ಗ್ ಪಡಿಚೀಟಿಯಲ್ಲಿ ಸಿಕ್ಕ ಸಕ್ಕರೆ ಕೂಡಿಟ್ಟುಕೊಂಡು ಅವರ ರಜೆಗೆ ಕಾಯುತ್ತಿರುತ್ತಾಳೆ. ಹುಕುಂ ಮುರಿದ ಜನರಲ್ಲರಿಗೆ ಏನಾಗುತ್ತದೆಂಬುದೂ ಅವರಿಗೆ ಗೊತ್ತಿತ್ತು. ಒಬ್ಬರನ್ನು ಕೋಟೆಯಲ್ಲಿ ಕೂಡಿಹಾಕಿದ್ದರು. ಉಳಿದವರನ್ನು ಮನೆಗೆ ಕಳಿಸಿ, ಫೋನು ಬರುತ್ತದೆಂದು ಕಾಯುತ್ತ ಕೂರುವ ಕೆಲಸ ಕೊಟ್ಟಿದ್ದರು.

ಹಂಡೆಯಲ್ಲಿ ಸೂಪು ಕುದಿಯುತ್ತಿತ್ತು. ಇಷ್ಟು ದಣಿದ ಮನುಷ್ಯನಿಗೆ ಇಷ್ಟು ಒಳ್ಳೆಯ ಲೈನ್ ಎಳೆದದ್ದು ಕ್ರೂರವೇ ಸರಿ ಎಂದು ಅವರಿಗೆ ಅನಿಸಿತು.

“ಎಮ್ಸೆನ್.”

“ಹೇಳಿ ಸಾಹೇಬ್ರೇ.”

“ಬ್ರೌಕ್‌ಮಾನ್‌ಗೆ ಹೊರಡು ಅನ್ನು. ಈಗಲೇ. ಸೇತುವೆಯವರಿಗೆ ಹೇಳು, ಕೊನೆಯವನು ದಾಟೋವರೆಗೂ ಸಿಡಿಸಬಾರ್ದು. ನನ್ನ ಹುಕುಂ. ನಿನ್ನದಲ್ಲ, ನನ್ನದು.”

“ತಮ್ಮ ಹುಕುಂ,” ಎಂದು ಎಮ್ಸೆನ್ ಪದಪದವಾಗಿ ತಿರುಗಿ ಹೇಳಿದ. “ಹಾಗಾದ್ರೆ ಮೇಲಿನ ಕಚೇರಿಗೆ ತಿಳಿಸಬೇಕಾಗುತ್ತೆ. ಲೈನ್ ಕೊಡ್ಲಾ?”

“ಕೊಡು. ಮೊದಲು ಬ್ರೌಕ್‌ಮಾನ್‌ಗೆ ಹೇಳು, ಆಮೇಲೆ ಕೊಡು.”

ಬ್ರೌಕ್‌ಮಾನನ ಸಿಪಾಯಿಗಳು ಡಬ್ಬಿಗಳನ್ನು ಕೆಳಗಿಟ್ಟಿದ್ದರು. ಸೂಪನ್ನು ಆಚೆಗೆ ಹೊರುವ ಕೆಲಸ ತಪ್ಪಿತೆಂದು ತಿಳಿಯಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಬ್ಬ ಯಾಬ್ಲೊನ್ಸ್ಕಿಗೆ ಅಂದ: “ಬೆಂಕಿ ಆರಿಸ್ಬೇಡ ಮಾರಾಯ. ಊಟಕ್ಕೆ ಅವರೇ ಬರ್ತಾರೆ.”

ರಿಸೀವರಿನಲ್ಲಿ ಕಟಕಟ ಸದ್ದಾಗಿ ಫಾನ್ ರಾಂಟ್ಸೆನ್ನರ ದನಿ ಬಂತು. ಅರವತ್ತು ದಾಟಿದ, ಸಂಧಿವಾತದ, ಒಳ್ಳೆಯ ಮನೆತನದ ಮುದುಕರು. “ಲಿಂಡೆಕೆ? ನಿಮ್ಮಿಂದ ಫೋನು ಬರೋದು ಅಂದ್ರೆ ಆಶ್ಚರ್ಯ ಕಣ್ರೀ. ಎಲ್ಲಿದೀರಿ?”

“ಅಡುಗೆ ಬಂಡಿ ಹತ್ರ.”

“ಅದು ಸರಿ. ಏನು ಸೂಪು?”

“ಬಟಾಣಿ. ಬ್ರೌಕ್‌ಮಾನನ ರೆಜಿಮೆಂಟನ್ನ ನಾನು ಈಚೆ ದಡಕ್ಕೆ ಕರೆಸಿಕೊಳ್ತಾ ಇದೀನಿ.”

ರಾಂಟ್ಸೆನ್ ಗಂಟಲು ಸರಿಮಾಡಿಕೊಂಡರು. “ಏನಂದ್ರಿ? ಲೈನು ಸರಿಯಿಲ್ಲ. ಏನೂ ಕೇಳಿಸ್ತಿಲ್ಲ.”

ಲಿಂಡೆಕೆಯವರಿಗೆ ನಗು ಬಂತು. ನಗಲು ಶಕ್ತಿ ಸಾಲಲಿಲ್ಲ. ತಾನೊಬ್ಬನೇ ಈ ಕಸುಬಿನ ಗುಟ್ಟು ಬಲ್ಲವನೆಂದು ಇಷ್ಟು ವರ್ಷ ಅವರು ತಿಳಿದಿದ್ದರು. ಮೇಲಿನವರದು ಬೇರೆ ಶಾಲೆ, ಅಷ್ಟೇ. ಇವರು ಇರುತ್ತಿರಲಿಲ್ಲ, ಅವರಿಗೆ ಕೇಳಿಸುತ್ತಿರಲಿಲ್ಲ. ಈಗ ಹೂಂ ಎಂದು ರಿಸೀವರ್ ಇಟ್ಟರೆ ಎಲ್ಲವೂ ಸುಗಮ. ರೆಜಿಮೆಂಟು ಬರುತ್ತದೆ, ಯಾರೂ ಹುಕುಂ ಕೊಟ್ಟಿರುವುದಿಲ್ಲ. ನಾಳೆ ವಿಚಾರಣೆಗೆ ಯಾರೋ ಬರುತ್ತಾರೆ. ಕೊಟ್ಟವರು ಯಾರು ಎಂದು ಹುಡುಕುತ್ತಾರೆ. ಮೇಲಿಂದ ಕೆಳಗೆ ಹುಡುಕುತ್ತ ಇಳಿದರೆ ಕೇಳಿಸಿಕೊಂಡೆ ಎಂದು ಒಪ್ಪುವವನು ಒಬ್ಬನೇ ಸಿಗುತ್ತಾನೆ. ಆ ನುಣ್ಣನೆಯ ಗಲ್ಲದವನು. ಅವನ ಹಿಂದೆ ಬ್ರೌಕ್‌ಮಾನ್. ಮೇಜರುಗಳನ್ನೂ ಕರ್ನಲ್ಲುಗಳನ್ನೂ ಗೋಸ್ಲಾರಿಗೆ ಕಳಿಸುವುದಿಲ್ಲ. ಗೋಡೆಗೆ ನಿಲ್ಲಿಸುತ್ತಾರೆ.

“ಲೈನು ಚೆನ್ನಾಗಿದೆ ಸಾಹೇಬ್ರೇ,” ಎಂದರು ಲಿಂಡೆಕೆ. “ನಮ್ಮ ಮೇಜರ್ ಹೊಸದಾಗಿ ಎಳೆಸಿದ್ದು. ಇಷ್ಟು ಒಳ್ಳೇ ಲೈನು ಈ ಯುದ್ಧದಲ್ಲಿ ನಾನು ಕಂಡಿಲ್ಲ.”

“ಲಿಂಡೆಕೆ.” ದನಿ ತಗ್ಗಿತು. “ಇಲ್ಲಿ ಪಕ್ಕದಲ್ಲಿ ಜನ ಇದಾರೆ ಕಣ್ರೀ. ಬರ್ಕೊಳ್ತಿದಾರೆ. ಹಳೇ ಸ್ನೇಹಿತ ಅಂತ ಹೇಳ್ತೀನಿ. ಲೈನು ಕೆಟ್ಟಿದೆ.”

“ಅವರು ಬರ್ಕೊಳ್ಳಲಿ. ಮತ್ತೊಂದ್ಸಲ ಹೇಳ್ತೀನಿ, ನಿಧಾನವಾಗಿ. ರೆಜಿಮೆಂಟು ಹಿಂದೆ ಬರ್ತಿರೋದು ನನ್ನ ಹುಕುಮಿನ ಮೇಲೆ. ತಮ್ಮ ಹುಕುಂ ನನಗೆ ಮುಟ್ಟಿತ್ತು, ಓದಿದ್ದೆ, ಅರ್ಥ ಆಗಿತ್ತು. ಗೋಟ್‌ಹಾರ್ಡ್ ಲಿಂಡೆಕೆ, ಅಡುಗೆ ಬಂಡಿ ಹತ್ರದಿಂದ.”

ರಾಂಟ್ಸೆನ್ ಹೇಳಿದರು: “ಇಷ್ಟು ವರ್ಷ ಎಷ್ಟು ಜಾಣರಾಗಿದ್ರಿ ನೀವು.” ಅದರಲ್ಲಿ ಸಿಟ್ಟಿರಲಿಲ್ಲ. ಹೊರಟುಹೋದ ಯಾರನ್ನೋ ನೆನೆಸಿಕೊಳ್ಳುವವರ ದನಿ ಅದು.

ಲಿಂಡೆಕೆ ರಿಸೀವರನ್ನು ಯಾಬ್ಲೊನ್ಸ್ಕಿಯ ಕೈಗೆ ಕೊಟ್ಟರು.

“ಕಾರು ತಿರುಗಿಸ್ಲಾ?” ಎಂದ ಪ್ಯೂಟ್ಸ್.

“ಬೇಡ. ಸೇತುವೆಗೆ ಹೋಗೋಣ.”

“ಅಲ್ಲಿ ಸೂಪು ಇಲ್ಲ ಸಾಹೇಬ್ರೇ.”

“ಗೊತ್ತು.”

ಸೇತುವೆಯ ತಲೆಯಲ್ಲಿ ಅವರು ಕತ್ತಲಾಗುವವರೆಗೂ ನಿಂತರು. ನಿಂತು ಮಾಡುವುದೇನೂ ಇರಲಿಲ್ಲ. ಕೈ ಎಲ್ಲಿಡಬೇಕೆಂದೂ ಅವರಿಗೆ ತೋಚಲಿಲ್ಲ. ಸಿಪಾಯಿಗಳು ಹಲಗೆಗಳ ಮೇಲೆ ಓಡುತ್ತ, ಎಡವುತ್ತ, ಗಾಯಾಳುಗಳನ್ನು ಕಂಬಳಿಯಲ್ಲಿ ಹೊತ್ತು ಬಂದರು. ಸೂಪಜ್ಜನನ್ನು ಇಲ್ಲಿ ಕಂಡು ಕೆಲವರು ಸಲಾಮು ಹೊಡೆಯುವುದನ್ನೂ ಮರೆತು ಬಾಯಿ ಬಿಟ್ಟರು. ಒಬ್ಬ ಕಿವುಡು ಪಿಸುಮಾತಿನಲ್ಲಿ ಅಂದ: “ಏನೋ ಕೆಟ್ಟದ್ದೇ ಆಗಿರಬೇಕು.” ಬ್ರೌಕ್‌ಮಾನ್ ಕೊನೆಕೊನೆಗೆ ಬಂದ, ತಲೆಗೆ ಪಟ್ಟಿ ಸುತ್ತಿಕೊಂಡು, ಜ್ವರದಲ್ಲಿ ಹಲ್ಲು ಕಟಕಟಿಸುತ್ತ.

“ತಾವು ಇಲ್ಲಿ?”

“ಇಲ್ಲೇ ಇದ್ದೆ. ಹಿಂದೆ ಇನ್ನೂ ಯಾರಾದ್ರೂ ಇದಾರಾ?”

“ಹೆಲ್ಮ್‌ಡಾಖನ ಕಂಪನಿ. ಹಿಂಬದಿ ಕಾಯೋಕೆ ಅವರನ್ನ ಬಿಟ್ಟಿದ್ದೆ.” ಬ್ರೌಕ್‌ಮಾನ್ ಆಚೆ ದಡವನ್ನು ನೋಡಿದ. “ಬರಬೇಕಾಗಿತ್ತು.”

ಅವರು ಕಾದರು. ರಷ್ಯನ್ನರ ಮೊದಲ ಗುಂಡು ನದಿಗೆ ಬಿದ್ದು ಕೆಸರುನೀರು ಎರಚಿತು. ಎರಡನೆಯದು ದಡಕ್ಕೆ. ಸೇತುವೆ ಸಿಡಿಸಲು ಕಾಯುತ್ತಿದ್ದ ಅಧಿಕಾರಿ ಪ್ರತಿ ಗುಂಡಿಗೂ ಒಮ್ಮೆ ಜನರಲ್ಲರ ಮುಖ ನೋಡುತ್ತಿದ್ದ. ಆಚೆ ದಡದಿಂದ ಯಾರೂ ಬರಲಿಲ್ಲ. ಟ್ಯಾಂಕುಗಳು ಕಂಡವು. ಲಿಂಡೆಕೆ ತಲೆಯಾಡಿಸಿದರು, ಈ ಸಲ ಕನ್ನಡಕ ತೆಗೆಯಲಿಲ್ಲ. ಸೇತುವೆ ಎದ್ದು, ಮುರಿದು, ನೀರಿಗೆ ಕೂತಿತು.

ಆ ವಾರದೊಳಗೆ ಅವರ ಜಾಗಕ್ಕೆ ಹೊಸ ಜನರಲ್ ಬಂದ, ಚುರುಕು ಮನುಷ್ಯ. ಬಂದವನೇ ಅಡುಗೆ ಬಂಡಿಯ ಫೋನುಗಳನ್ನೆಲ್ಲ ಕೀಳಿಸಿದ. ಲಿಂಡೆಕೆಯವರನ್ನು ಮೀಸಲು ಪಟ್ಟಿಗೆ ಸೇರಿಸಲಾಗಿದೆ, ಊರಿಗೆ ಹೋಗಿ ಮುಂದಿನ ವಿಚಾರಣೆಯ ಕರೆ ಬರುವವರೆಗೆ ಮನೆಯಲ್ಲೇ ಇರತಕ್ಕದ್ದು ಎಂದು ಹುಕುಂ ಬಂತು. ಹೊರಡುವ ಬೆಳಗ್ಗೆ ಎಮ್ಸೆನ್ ಕಾರಿನ ಹತ್ತಿರ ಬಂದು ನಿಂತ. ಅವನ ಗಲ್ಲದಲ್ಲಿ ಮೊದಲ ಸಲ ಕ್ಷೌರದ ಕತ್ತಿ ತಾಕದ ಒಂದಿಷ್ಟು ಜಾಗ ಕಂಡಿತು.

“ಸಾಹೇಬ್ರೇ, ವಿಚಾರಣೆಯವರು ನನ್ನ ಕೇಳಿದ್ರು. ಹುಕುಂ ಹೊರಟಾಗ ಜನರಲ್ ಎಲ್ಲಿದ್ರು ಅಂತ. ಇದ್ದದ್ದನ್ನ ಹೇಳಿದೆ. ನಾನು ಏನಾದ್ರೂ ತಪ್ಪು ಮಾಡಿದ್ನಾ?”

“ಇಲ್ಲಪ್ಪ. ಲೈನು ಚೆನ್ನಾಗಿತ್ತು.”

“ಮೊದಲೇ ಎಳೆಸಬೇಕಾಗಿತ್ತು,” ಎಂದ ಎಮ್ಸೆನ್.

ಲಿಂಡೆಕೆ ಅವನನ್ನು ಸ್ವಲ್ಪ ಹೊತ್ತು ನೋಡಿದರು. “ಹೌದು,” ಎಂದರು.

ರೈಲು ನಿಲ್ದಾಣದ ದಾರಿಯಲ್ಲಿ ಪ್ಯೂಟ್ಸ್ ಕನ್ನಡಿಯಲ್ಲಿ ನೋಡಿ ಬಾಲ ಇಲ್ಲ ಎಂದ. ಸಾಹೇಬರು ನಗಲಿಲ್ಲ. ಹಳ್ಳಿಯೊಂದು ಸುಟ್ಟು ಚಿಮಣಿಗಳು ಮಾತ್ರ ನಿಂತಿದ್ದ ಕಡೆ ಅವರು ತಾವಾಗಿ ಮಾತು ತೆಗೆದರು.

“ವಿಚಾರಣೆಯವರು ನನ್ನ ಎರಡು ಗಂಟೆ ಕೇಳಿದ್ರು ಪ್ಯೂಟ್ಸ್. ಸೇತುವೆ ಬಗ್ಗೆ.”

“ಮತ್ತೇನು ಕೇಳ್ತಾರೆ ಸಾಹೇಬ್ರೇ?”

“ಇಟ್ಟಿಗೆ ಗೂಡಿನ ಬಗ್ಗೆ ಯಾರೂ ಕೇಳ್ಲಿಲ್ಲ. ಆವತ್ತೂ ಕೇಳ್ಲಿಲ್ಲ, ಈವತ್ತೂ ಕೇಳ್ಲಿಲ್ಲ.”

ಪ್ಯೂಟ್ಸ್ ಗೇರು ಬದಲಿಸಿದ. ನಗೆಮಾತು ಏನೂ ಸಿಗಲಿಲ್ಲ ಅಂತ ಕಾಣುತ್ತದೆ. ಕೊನೆಗೆ ಸಮಾಧಾನ ಹೇಳುವವನ ಹಾಗೆ ಅಂದ: “ಆವತ್ತು ಅಲ್ಲಿಗೆ ಲೈನ್ ಇರ್ಲಿಲ್ವಲ್ಲ ಸಾಹೇಬ್ರೇ.”

“ಇತ್ತು. ನಾನು ಇರ್ಲಿಲ್ಲ.”

ನಿಲ್ದಾಣದಲ್ಲಿ ಗಾಯಾಳುಗಳ ರೈಲಿಗೆ ಕಾಯುವವರು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಹುಲ್ಲಿನ ಮೇಲೆ ಮಲಗಿದ್ದರು. ಬಿಳಿ ತಲೆವಸ್ತ್ರದ ದಾದಿಯರು ದೊಡ್ಡ ಪಾತ್ರೆಯಿಂದ ಸೂಪು ಬಡಿಸುತ್ತಿದ್ದರು. ಲಿಂಡೆಕೆ ಪದಕದ ಮೇಲೆ ಕೋಟಿನ ಕಾಲರು ಮುಚ್ಚಿಕೊಂಡು ಸಾಲಿನಲ್ಲಿ ನಿಂತರು. ಮುಂದಿದ್ದವನೊಬ್ಬ, ಒಂದು ಕೈ ಇಲ್ಲದವನು, ಹಿಂದಿರುಗಿ ನೋಡಿ ಗುರುತು ಹಿಡಿದ.

“ಏನ್ ಸಾಹೇಬ್ರೇ, ರುಚಿ ನೋಡೋಕಾ?”

“ಇಲ್ಲಪ್ಪ,” ಎಂದರು ಲಿಂಡೆಕೆ. “ಹಸಿವು.”

ತಗಡಿನ ಬಟ್ಟಲು ಹಿಡಿದು ಅವರು ಗೋಡೆಗೆ ಒರಗಿ ನಿಂತು ಕುಡಿದರು. ಉಪ್ಪು ನಿಜವಾಗಿಯೂ ಸಾಲದಾಗಿತ್ತು. ಯಾರಿಗೂ ಹೇಳಲಿಲ್ಲ.